ಮುಂದಿನ ಸಾಲಿನ ಮೊದಲ ಕುರ್ಚಿ

ಶಿಗ್ಗಾವಿ
೧೨ ನವೆಂಬರ್ ೨೦೨೫, ಬುಧವಾರ

ನನ್ನ ಬಂಗಾರದಂಥ ಅಜ್ಜಿಗೆ,

ಹಾನಗಲ್ಲಿನ ಕಲ್ಯಾಣ ಮಂಟಪದಿಂದ ಹೊಗೆ ಹೋಯಿತು ಅಜ್ಜಿ, ಪೂರ್ತಿ ಹೋಯಿತು. ಇನ್ನು ನನ್ನ ತಂಗಿ ಶ್ರೀವಿದ್ಯಾಳ ಮದುವೆಯಲ್ಲಿ ನೀನು ಮುಂದಿನ ಸಾಲಿನಲ್ಲಿ ಕೂತು, ಅವಳು ಸಪ್ತಪದಿ ತುಳಿಯುವುದನ್ನು ಕಣ್ಣುಜ್ಜಿಕೊಳ್ಳದೆ ನೋಡಬಹುದು. ಕಾಗದ ಬಂತು ಅಂದ ಕೂಡಲೇ ನೀನು ಬೇರೆಯದೇ ಸಿಹಿ ಸುದ್ದಿ ಊಹಿಸಿಕೊಂಡು ಜಯಾ ಅತ್ತೆಯನ್ನು ಅಡುಗೆಮನೆಯಿಂದ ಕೂಗಿ ಕರೆದಿರುತ್ತೀ, ನನಗೆ ಗೊತ್ತು. ಅದಲ್ಲ. ಅದು ಆದಾಗ ಕೌಸ್ತುಭನಿಗಿಂತ ಮೊದಲು ನಿನಗೇ ಹೇಳುತ್ತೇನೆ. (ಗಂಡನ ಹೆಸರು ಬರೆದಳು ಅಂತ ಮುಖ ಸಿಂಡರಿಸಬೇಡ. ಓದುವಾಗ 'ಅವರು' ಅಂತ ಓದಿಕೋ. ಮದುವೆಯಾಗಿ ಆರು ತಿಂಗಳಾದರೂ ಆ ಹೆಸರು ಬರೆಯುವುದೆಂದರೆ ನನಗೆ ಪೇಡಾ ತಿಂದ ಹಾಗಾಗುತ್ತದೆ.)

ಈಗ ನೀನು ಕಲಿಸಿದ ಕ್ರಮದಲ್ಲಿ ಆರೋಗ್ಯ ಕೇಳುತ್ತೇನೆ. ಉಸಿರು ಹೇಗಿದೆ? ಮಲಗಲು ಒಂದು ದಿಂಬು ಸಾಕಾಗುತ್ತದೆಯೋ, ಗೋಡೆಗೆ ಒರಗಿ ಕೂಡುವುದೇ ನಡೆದಿದೆಯೋ? ಡಾಕ್ಟರು ಕೊಟ್ಟ ಪಂಪನ್ನು 'ಚಟಾ ಹತ್ತತದ' ಅಂತ ದೇವರ ಗೂಡಿನ ಹಿಂದೆ ಅಡಗಿಸಿಡುತ್ತಿಲ್ಲ ತಾನೆ? ಮೈಸೂರಿನ ಬೆಳಗಿನ ಚಳಿಗೆ ಬರೀ ಸೆರಗು ಸಾಲದು, ನಾನು ಕೊಟ್ಟ ನೇರಳೆ ಬಣ್ಣದ ಮಫ್ಲರ್ ಕಟ್ಟಿಕೋ. ಈ ವಯಸ್ಸಿಗೆ ಆ ಬಣ್ಣ ಜಾಸ್ತಿಯಾಯಿತು ಅನ್ನುವವರನ್ನು ನನ್ನ ಹತ್ತಿರ ಕಳಿಸು. ನಾನು ಇಲ್ಲಿ ಚೆನ್ನಾಗಿದ್ದೇನೆ, ತೀರ ಚೆನ್ನಾಗಿದ್ದೇನೆ, ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕುವಷ್ಟು ಚೆನ್ನಾಗಿದ್ದೇನೆ. ಅವರು ಮಾತಾಡದೆ ಎರಡು ತಂಬಿಗೆ ನೀರು ಕುಡಿದು ಉಣ್ಣುತ್ತಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮದುವೆಯ ಮಾತು ತೆಗೆದರೆ ಸಾಕು, ನಿನಗೆ ಕಿವಿ ಕೇಳಿಸುವುದಿಲ್ಲ. 'ಏನೋ ಗರಗರ ಅಂತದವಾ, ಇಡ್ತೀನಿ' ಅಂತ ಇಟ್ಟೇಬಿಡುತ್ತೀ. ಅದೇ ಸೀರೆಯ ಮಾತಿದ್ದರೆ ಒಂದಕ್ಷರ ತಪ್ಪುವುದಿಲ್ಲ. ಶ್ರೀವಿದ್ಯಾಳ ಮದುವೆಗೆ ಬರುವುದಿಲ್ಲ ಅಂತ ಅಪ್ಪನಿಗೆ ಹೇಳಿಕಳಿಸಿದ್ದೀಯಂತೆ. ಆ ಮಂಟಪದ ಹೊಗೆ ನಿನ್ನ ಉಸಿರಿಗೆ ಆಗುವುದಿಲ್ಲವಂತೆ, ನೀನು ಬಂದರೆ ಎಲ್ಲರಿಗೂ ತ್ರಾಸಂತೆ. ಸದ್ಯಕ್ಕೆ ನಾನು ಅದನ್ನೇ ನಂಬಿದ್ದೇನೆ. ಆದರೆ ಶ್ರೀವಿದ್ಯಾಳನ್ನು ನೀನು ನೋಡಬೇಕಿತ್ತು. ಅಪ್ಪ ವಿಷಯ ಹೇಳಿದಾಗ ಅವಳು ಸವಣೂರಿನ ಮನೆಯ ಅಡುಗೆಮನೆಗೆ ಹೋಗಿ, ನಮ್ಮಿಬ್ಬರ ತಲೆಗೂ ನೀನು ಎಣ್ಣೆ ಹಚ್ಚುತ್ತಿದ್ದ ಆ ಮಣೆಯ ಮೇಲೆ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ.

ನನ್ನ ಮದುವೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಸವಣೂರಿನ ನಮಗೂ ಹಿರೇಕೆರೂರಿನ ಅವರ ಮನೆಯವರಿಗೂ ದೂರ ಅನ್ನಿಸದಿರಲಿ ಅಂತ ನಡುವೆ ಹಾನಗಲ್ಲಿನಲ್ಲಿ ಮಂಟಪ ಹಿಡಿದದ್ದು, ವೈಶಾಖದ ಬಿಸಿಲಿಗೆ ಅಲ್ಲಿ ಎ.ಸಿ. ಇದೆ ಅಂತ ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದದ್ದು. ಅಜ್ಜ ಹೋದಮೇಲೆ ಯಾವ ಶುಭಕಾರ್ಯದಲ್ಲೂ ಕಂಬದ ಹಿಂದೆ ಕೂಡುವವಳು ನೀನು. ಅವತ್ತು ನಾನೇ ಕೈಹಿಡಿದು ತಂದು ಮುಂದಿನ ಸಾಲಿನ ಎಡಗಡೆಯ ಮೊದಲ ಕುರ್ಚಿಯಲ್ಲಿ ಕೂರಿಸಿದೆ. 'ನಾ ಮುಂದ ಕೂಡೋ ಹಾಂಗಿಲ್ಲವಾ, ಹಿಂದ ಇರ್ತೀನಿ' ಅಂದರೂ ಬಿಡಲಿಲ್ಲ. ಹೋಮ ಶುರುವಾಗಿ ಅರಳು ಹಾಕುವ ಹೊತ್ತಿಗೆ ನಿನಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಯಾರನ್ನೂ ಕರೆಯದೆ, ಬಗ್ಗಿಕೊಂಡು ಹೊರಗೆ ಹೋದೆ. ನಮ್ಮ ಸಪ್ತಪದಿಯ ಫೋಟೋದಲ್ಲಿ ನಾನು ಬಾಗಿಲ ಕಡೆ ನೋಡುತ್ತಿದ್ದೇನೆ, ಕೌಸ್ತುಭ ಮೇಲೆ ಛಾವಣಿ ನೋಡುತ್ತಿದ್ದಾರೆ. ಒಂದು ಫೋಟೋದಲ್ಲೂ ಅವರು ನನ್ನನ್ನು ನೋಡಿಲ್ಲ. ಮೊದಲ ವಾರವೇ ನಾನು ಇದಕ್ಕೆ ಜಗಳ ತೆಗೆದೆ. ಅದಕ್ಕೆ ಅವರು, 'ನಿಮ್ಮ ಅಜ್ಜಿ ಎದ್ದು ಹೋದಾಗಿಂದ ಹೊಗಿ ಎಲ್ಲಿ ನಿಲ್ತದ ಅಂತ ಹುಡುಕ್ಲಿಕ್ಕೆ ಹತ್ತಿದ್ದೆ. ನಿನ್ನ ನೋಡ್ಲಿಕ್ಕೆ ಇಡೀ ಆಯುಷ್ಯ ಅದ' ಅಂದರು. ಅಜ್ಜಿ, ಆಮೇಲೆ ನನಗೆ ಜಗಳ ಮುಂದುವರಿಸಲು ಆಗಲಿಲ್ಲ.

ಅವರ ಕೆಲಸವನ್ನು ನೀನು ಮೈಸೂರಿನಲ್ಲಿ ಎಲ್ಲರಿಗೂ 'ಫ್ಯಾನ್ ರಿಪೇರಿ' ಅಂತ ಹೇಳಿದ್ದೀಯಂತೆ. ಅಲ್ಲ. ಆಸ್ಪತ್ರೆ, ಬ್ಯಾಂಕು, ದೊಡ್ಡ ಅಂಗಡಿ ಇಂಥ ಕಟ್ಟಡಗಳ ಒಳಗಿನ ಗಾಳಿಯನ್ನು ಶುಚಿಯಾಗಿಡುವುದು, ಅದನ್ನೂ ಕಡಿಮೆ ಕರೆಂಟಿನಲ್ಲಿ ಮಾಡುವುದು ಅವರ ಕೆಲಸ. ಶ್ರೀವಿದ್ಯಾಳ ಮದುವೆಗೂ ಅದೇ ಮಂಟಪ ಅಂತ ಗೊತ್ತಾದ ಮೇಲೆ ಅವರು ನನ್ನನ್ನೂ ಕರೆದುಕೊಂಡು ಹಾನಗಲ್ಲಿಗೆ ಹೋದರು. ಇಷ್ಟು ಇಂಗ್ಲಿಷ್ ಓದಿಯೂ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಒಳಗಿನ ಗಾಳಿಯನ್ನೇ ಎಳೆದು ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ. ಐದುನೂರು ಜನ ಬಿಟ್ಟ ಉಸಿರನ್ನೇ ಐದುನೂರು ಜನ ಎಳೆದುಕೊಳ್ಳುವುದು. ಹೊಗೆಗೆಂದು ವೇದಿಕೆಯ ಹಿಂದಿನ ಗೋಡೆಯಲ್ಲಿ ದೊಡ್ಡ ಜಾಲರಿ, ಅದರ ಹಿಂದೆ ಫ್ಯಾನು ಇದ್ದದ್ದೇನೋ ನಿಜ. ಆದರೆ ವಧೂವರರ ಹಿಂದೆ ಕಬ್ಬಿಣದ ಜಾಲರಿ ಬಂದರೆ ಫೋಟೋ ಕೆಡುತ್ತದಲ್ಲ? ಅದಕ್ಕೆ ಪ್ರತಿ ಮದುವೆಗೂ ಅದರ ಮೇಲೆ ಸ್ಯಾಟಿನ್ ಬಟ್ಟೆ, ಬಟ್ಟೆಯ ಮೇಲೆ ಥರ್ಮಾಕೋಲ್ ಗೋಪುರ, ಗೋಪುರದ ಮೇಲೆ ಹೂವು. ಅಲಂಕಾರ ಮಾಡುವವನು ಬಂಕಾಪುರದ ಅತೀಕ. 'ಮುಚ್ಚಬ್ಯಾಡ ಅಂತ ಇವತ್ತಿನ ತನಕ ಯಾರೂ ಹೇಳಿಲ್ರಿ ಸಾಹೇಬ್ರ. ಒಂದು ತೂತ ಕಂಡ್ರೂ ಹುಡುಗಿ ಕಡ್ಯಾರು ನನ್ನ ಜೀವಾ ತಿಂತಾರ್ರಿ' ಅಂದ. ಇನ್ನು ಫ್ಯಾನು. ಮಂಟಪದ ಮಾಲೀಕರು ಚಂದ್ರಪ್ಪನವರು ಅದನ್ನು ಹಾಕಲೇ ಬಿಡುತ್ತಿರಲಿಲ್ಲ. 'ತಂಪ ಮಾಡಿದ ಗಾಳಿ ಹೊರಗ ಹಾಕೂದಂದ್ರ ಕರೆಂಟ್ ಬೀದಿಗೆ ಚೆಲ್ಲಿದಂಗ ಆಕ್ಕೈತ್ರಿ. ನನ್ನ ಕರುಳ ಕಿತ್ತ ಬರತೈತಿ' ಅಂತ ಎದೆ ಹಿಡಿದುಕೊಂಡರು.

ಹೊಗೆ ಎತ್ತ ಹೋಗುತ್ತದೆ ನೋಡಲು ಹೊಗೆ ಬೇಕಲ್ಲ. ಕೌಸ್ತುಭನ ಕೆಲಸದಲ್ಲಿ ಅದಕ್ಕೊಂದು ಹೊಗೆಬತ್ತಿ ಸಿಗುತ್ತದೆ. ಅದು ಬೇಡ, ಸಮಿತ್ತು ತುಪ್ಪ ಅರಳಿನ ಹೊಗೆಯೇ ಬೇಕು ಅಂತ ಹಟ ಹಿಡಿದು, ನಮ್ಮ ಮದುವೆ ಮಾಡಿಸಿದ ಪ್ರಹ್ಲಾದಾಚಾರ್ಯರನ್ನೇ ಕರೆಸಿದರು. ಆಚಾರ್ಯರು ಮೊದಲು ಗಾಳಿ ಅಳೆಯುವ ಮೀಟರನ್ನು ನೋಡಿದರು, ಆಮೇಲೆ ಇವರ ಪ್ಯಾಂಟನ್ನು ನೋಡಿದರು. 'ಪರೀಕ್ಷಾಕ್ಕ ಹೊತ್ತಸಲಿಕ್ಕೆ ಇದೇನು ಗ್ಯಾಸಿನ ಒಲಿ ಏನೋ? ಸಂಕಲ್ಪ ಇಲ್ಲದ ನಾ ಕಡ್ಡಿ ಗೀರಂಗಿಲ್ಲ' ಅಂದರು. ಇವರು ತಲೆ ಕೆರೆದುಕೊಂಡರು. 'ಏನಂತ ಹೇಳಲಿ ಹೇಳು. ಎ.ಸಿ. ಪ್ರೀತ್ಯರ್ಥಂ ಅನ್ನಲೇನು?' ಅಂತ ಆಚಾರ್ಯರು ಕೇಳಿದಾಗ ಅತೀಕನಿಗೂ ನಗು ತಡೆಯಲಿಲ್ಲ. ಕೌಸ್ತುಭ ನಗಲಿಲ್ಲ. 'ಈಕಿ ಅಜ್ಜಿಗೆ ಆಯುರಾರೋಗ್ಯ ಸಿಗಲಿ ಅಂತ ಮಾಡಸ್ರಿ' ಅಂದರು. ಆಚಾರ್ಯರು ಅವರನ್ನೊಮ್ಮೆ ನೋಡಿ, ತಮ್ಮ ಚೀಲದಿಂದ ಮಡಿಪಂಚೆ ತೆಗೆದು ಕೊಟ್ಟರು. ಗೋತ್ರ ಕೇಳಿದಾಗ ನಾನು ಮುಂದೆ ಬಿದ್ದು 'ನಮ್ಮದು ಕಾಶ್ಯಪ' ಅಂದೆ. 'ನಿಂದು ಬದಲಾತವಾ, ಅಜ್ಜೀದು ಅನ್ನು' ಅಂತ ತಿದ್ದಿದರು. ಆಮೇಲೆ ಆ ಖಾಲಿ ಮಂಟಪದಲ್ಲಿ ಗಂಗಾಬಾಯಿ ಅಂತ ನಿನ್ನ ಹೆಸರು ದೊಡ್ಡದಾಗಿ ಕೇಳಿಸಿತು. ನಾನು ಸಂಕಲ್ಪ ಮಾಡುತ್ತಿದ್ದ ಇವರ ಕೈಗೆ ಕೈ ಹಚ್ಚಿಕೊಂಡು ಕೂತಿದ್ದೆ, ನನ್ನ ಕಣ್ಣಲ್ಲಿ ನೀರು ಬಂತು. ಆಗ ಇನ್ನೂ ಬೆಂಕಿಯನ್ನೇ ಹಾಕಿರಲಿಲ್ಲ, ಹಾಗಾಗಿ ಹೊಗೆಯ ಮೇಲೆ ಹೇಳುವಂತಿಲ್ಲ.

ನಮ್ಮ ಮದುವೆಯ ದಿನ ಇದ್ದ ಹಾಗೆಯೇ ಜಾಲರಿಗೆ ಬಟ್ಟೆ ಮುಚ್ಚಿಸಿ, ಬಾಗಿಲು ಹಾಕಿಸಿ, ಎ.ಸಿ. ಶುರು ಮಾಡಿಸಿದ್ದರು. ಹೊಗೆ ನೆಟ್ಟಗೆ ಮೇಲೆ ಹೋಯಿತು, ದಾರಿ ಕಾಣದೆ ಛಾವಣಿಯ ಕೆಳಗೆ ನಿಂತಿತು. ಬಲಗೋಡೆಯ ಎ.ಸಿ.ಗಳ ಗಾಳಿ ಅದನ್ನು ತಳ್ಳಿಕೊಂಡು ಬಂದು ಸರಿಯಾಗಿ ನಿನ್ನ ಕುರ್ಚಿಯ ಮೇಲೆ ಇಳಿಸಿತು. ಮೀಟರಿನ ದೀಪ ಅಲ್ಲಿ ಕೆಂಪು. ಅದೇ ಸಾಲಿನ ನಡುವೆ ನಮ್ಮ ಮದುವೆಯ ದಿನ ಅಮ್ಮ ಕೂತಿದ್ದಳಲ್ಲ, ಅಲ್ಲಿ ಬರೀ ಹಳದಿ. ಕೌಸ್ತುಭ ನಿನ್ನ ಕುರ್ಚಿಯಲ್ಲಿ ಕೂತು ನೋಡಿದರು. ದಿನಾ ಬೆಳಿಗ್ಗೆ ವ್ಯಾಯಾಮ ಮಾಡುತ್ತೇನೆ ಅಂತ ಜಂಬ ಕೊಚ್ಚುವ ನನ್ನ ಪೈಲ್ವಾನರು ಕೆಮ್ಮುತ್ತ ಎದ್ದರು. ನಿನ್ನ ಎದೆಯ ದೋಷವೇ ಎಲ್ಲವೂ ಅಂದುಕೊಂಡಿದ್ದೀಯಲ್ಲ, ಇದನ್ನು ಎರಡು ಸಲ ಓದು.

ಮದುವೆಗಳಿಲ್ಲದ ಚಾತುರ್ಮಾಸದಲ್ಲಿ ಕೆಲಸ ಮುಗಿಸಿದರು. ಅದನ್ನು ನಿನಗೆ ಹೇಗೆ ಹೇಳಲಿ? ನೀನು ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟು ಆರಿಸುತ್ತಿದ್ದೆ. ಹಾಲಿಗೆ ನೀರು ಸೇರುವುದಿಲ್ಲ, ಬಿಸಿ ಮಾತ್ರ ನೀರಿಗೆ ಹೋಗುತ್ತದೆ. ಮಾಳಿಗೆಯ ಮೇಲೆ ಈಗ ಅಂಥದೇ ಒಂದು ಪೆಟ್ಟಿಗೆ ಇದೆ. ಒಳಗಿನ ಹಳೆಯ ತಂಪು ಗಾಳಿ ಹೊರಗೆ ಹೋಗುವಾಗ, ಹೊರಗಿನ ಹೊಸ ಬಿಸಿ ಗಾಳಿ ತೆಳುವಾದ ತಗಡಿನ ಆಚೆ ಬದಿಯಲ್ಲಿ ಒಳಗೆ ಬರುತ್ತದೆ. ಎರಡೂ ಬೆರೆಯುವುದಿಲ್ಲ, ತಂಪು ಮಾತ್ರ ಹೊಸ ಗಾಳಿಗೆ ಸಿಗುತ್ತದೆ. ಬರುವ ಗಾಳಿಯ ದಾರಿಯಲ್ಲಿ ಸೀರೆಯ ನೆರಿಗೆಯ ಹಾಗೆ ಮಡಿಕೆ ಮಡಿಕೆಯಾದ 'ಫಿಲ್ಟರ್' ಇದೆ. ನೆರಿಗೆ ಹೆಚ್ಚಿದ್ದಷ್ಟೂ ಗಾಳಿ ಸಲೀಸಾಗಿ ದಾಟುತ್ತದಂತೆ, ಫ್ಯಾನು ಏದುಸಿರು ಬಿಡಬೇಕಿಲ್ಲ. ಜನ ತುಂಬಿದಾಗ ಫ್ಯಾನು ತಾನೇ ಜೋರಾಗುತ್ತದೆ, ಊಟಕ್ಕೆ ಎದ್ದು ಹೋದಾಗ ತಾನೇ ನಿಧಾನವಾಗುತ್ತದೆ. ಇದನ್ನು ಕೇಳಿದ ಮೇಲೆ ಚಂದ್ರಪ್ಪನವರ ಕೈ ಎದೆಯಿಂದ ಕೆಳಗಿಳಿಯಿತು. ಹೋಮಕುಂಡದ ಮೇಲೆ ಹೊಗೆ ಎಳೆಯುವ ದೊಡ್ಡ ಕೊಡೆ ಬಂತು. ಅದನ್ನು ನೋಡಿ ಅತೀಕ, 'ಮದುವಿ ಮಂಟಪಾನೋ ಹಿಟ್ಟಿನ ಗಿರಣಿನೋ?' ಅಂತ ಮೂಗು ಮುರಿದ. ಆದರೆ ಈಗ ಅವನೇ ಥರ್ಮಾಕೋಲ್ ಬಿಟ್ಟು ಸೇವಂತಿಗೆಯ ಬಿಡಿಬಿಡಿ ಸರ ಇಳಿಬಿಟ್ಟು, ಕೊಡೆಯೂ ಕಾಣದ ಹಾಗೆ, ಗಾಳಿಯೂ ನಿಲ್ಲದ ಹಾಗೆ ಮಾಡಿದ್ದಾನೆ. ತನ್ನದೇ ಐಡಿಯಾ ಅಂತ ಊರಲ್ಲೆಲ್ಲ ಹೇಳುತ್ತಿದ್ದಾನೆ, ಹೇಳಲಿ ಬಿಡು.

ಮೊನ್ನೆ ಭಾನುವಾರ ಮಾಸೂರಿನವರ ಮದುವೆ, ಹೊಸ ಗಾಳಿಯಲ್ಲಿ ಮೊದಲನೆಯದು. ನಾವು ಕರೆಯದೆ ಹೋಗಿ ಮೂಲೆಯಲ್ಲಿ ಮೀಟರ್ ಹಿಡಿದು ನಿಂತೆವು. ಹೋಮದ ಹೊತ್ತಿಗೆ ದೀಪ ಒಮ್ಮೆ ಹಳದಿಯಾಗಿ ಮತ್ತೆ ಹಸಿರಾಯಿತು. ನಿನ್ನ ಕುರ್ಚಿಯಲ್ಲಿ ಮಾಸೂರಿನ ಮುದುಕರೊಬ್ಬರು ರುಮಾಲು ಜಾರಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಕೌಸ್ತುಭ ನನ್ನ ಕೈ ಹಿಂಡಿ ಹಿಂಡಿ ಅವರನ್ನೇ ತೋರಿಸಿದರು. ಚಂದ್ರಪ್ಪನವರಿಗೆ ಮಾತ್ರ ಒಂದೇ ಕೊರಗು: 'ಎಲ್ಲಾ ಬರೋಬ್ಬರಿ ಆತ್ರಿ, ಆದ್ರ ಹೊಗಿ ಇಲ್ಲದ್ದಕ್ಕ ಹುಡುಗಿ ಕಡ್ಯಾರಿಗೆ ಅಳೂನ ಬರವಲ್ದು.' ನಮ್ಮ ಶ್ರೀವಿದ್ಯಾಗೆ ಆ ತೊಂದರೆ ಇಲ್ಲ, ಅವಳು ಜಾಹೀರಾತು ನೋಡಿಯೂ ಅಳುತ್ತಾಳೆ.

ಜಯಾ ಅತ್ತೆಗೂ ಮಾವನಿಗೂ ನಮ್ಮಿಬ್ಬರ ನಮಸ್ಕಾರ ಮುಟ್ಟಿಸು. ನಿನ್ನ ಪಾದಕ್ಕೆ ಇಲ್ಲಿಂದಲೇ ತಲೆ ಇಟ್ಟಿದ್ದೇನೆ. ನೀನು ತಲೆ ಸವರಿ ಜಡೆ ಎಳೆಯುವ ತನಕ ಎತ್ತುವುದಿಲ್ಲ.

ನಿನ್ನ ಹಟಮಾರಿ,
ಹರಿಪ್ರಿಯಾ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನೀನು ಬರುವುದಿಲ್ಲ ಅನ್ನುವುದು ಹೊಗೆಯ ಕಾರಣಕ್ಕಲ್ಲ ಅಂತ ನನಗೆ ಗೊತ್ತು ಅಜ್ಜಿ. ಅವತ್ತು ನೀನು ಎದ್ದು ಹೋಗುವಾಗ ನಿನ್ನ ವಾರಗಿತ್ತಿ, ನಮ್ಮ ಅಕ್ಕಿಆಲೂರಿನ ಸಣ್ಣಜ್ಜಿ, 'ಮುತ್ತೈದೇರು ಕೂಡೋ ಜಾಗಾದಾಗ ಕೂತಳು, ಅಗ್ನಿದೇವ್ರೇ ಎಬ್ಬಿಸಿ ಕಳಿಸಿದ' ಅಂದದ್ದು ವೇದಿಕೆಯ ಮೇಲೆ ನನಗೂ ಕೇಳಿಸಿತ್ತು. ಹೊಗೆ ಪರೀಕ್ಷೆಯ ದಿನ ಅವಳೂ ಬಂದಿದ್ದಳು, ಮದುವೆಗೆ ಅಡುಗೆಮನೆ ಸಾಕಾಗುತ್ತದೋ ನೋಡಲು. ಇವರು ಕೆಮ್ಮಿ ಎದ್ದಾಗ 'ಇಷ್ಟಕ್ಕ ಎದ್ದೆಲ್ಲೋ' ಅಂತ ನಗುತ್ತ ತಾನೇ ಹೋಗಿ ಆ ಕುರ್ಚಿಯಲ್ಲಿ ಕೂತಳು. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಆಚಾರ್ಯರ ಒಂದು ಮಂತ್ರ ಮುಗಿಯುವುದರೊಳಗೆ ಬಾಯಿಗೆ ಸೆರಗು ಒತ್ತಿಕೊಂಡು, ನೀನು ಹೋದ ಬಾಗಿಲಿನಿಂದಲೇ ಹೊರಗೆ ಹೋದಳು. ನಾನು ನೀರು ಕೊಟ್ಟೆ. ಕಟ್ಟೆಯ ಮೇಲೆ ಕೂತು ಕುಡಿದು, 'ಅವತ್ತ ನಾ ಅಂದದ್ದು ಗಂಗಕ್ಕಗ ಕೇಳಸಿತ್ತೇನ?' ಅಂತ ಕೇಳಿದಳು. ಕೇಳಿಸಿತ್ತು ಅಂದೆ. 'ಹಂಗಾರ ಆಕಿ ಬಂದು ಆ ಕುರ್ಚ್ಯಾಗ ಕೂಡೋತನಕಾ ನಾನೂ ಮುಂದಿನ ಸಾಲಿನಾಗ ಕೂಡಂಗಿಲ್ಲ ಅಂತ ಹೇಳು' ಅಂದಳು. ಇದನ್ನು ಫೋನಿನಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ, ಇಲ್ಲಿ ಬರೆದದ್ದನ್ನೇ ನಿನ್ನ ಮುಖ ನೋಡಿ ಮತ್ತೊಮ್ಮೆ ಹೇಳಬೇಕು ಅನ್ನಿಸುತ್ತದೆ. ಅದಕ್ಕೆ ನಿನ್ನನ್ನು ಕರೆದುಕೊಂಡು ಬರಲು ನಾನೇ ಹೊರಟಿದ್ದೇನೆ: ಇಪ್ಪತ್ತೊಂದನೇ ತಾರೀಖು ಶುಕ್ರವಾರ ರಾತ್ರಿ ಹಾವೇರಿಯಲ್ಲಿ ಧಾರವಾಡ–ಮೈಸೂರು ಎಕ್ಸ್‌ಪ್ರೆಸ್ ಹತ್ತಿ, ಶನಿವಾರ ಬೆಳಿಗ್ಗೆ ಮೈಸೂರಿನಲ್ಲಿ ಇಳಿಯುತ್ತೇನೆ.