ಓದುಗರ ಪತ್ರ – ಹದಿನಾಲ್ಕು

ಮಾರ್ಚ್ ೩, ಸೋಮವಾರ

ಒಂಬತ್ತಕ್ಕೆ ಕುರ್ಚಿ. ಎರಡು ಕೆಂಪು ಪೆನ್ನು, ಸ್ಕೇಲು, ಒಂದು ಲೋಟ ಟೀ. ಪುಟ ನಲವತ್ತೊಂದರಿಂದ.

‘ಒಳಗಿನ ಕದ – ನಿಮ್ಮನ್ನು ನೀವು ಕಂಡುಕೊಳ್ಳಲು ಇಪ್ಪತ್ತೊಂದು ದಿನ.’ ಐದನೇ ಮುದ್ರಣದ ಪ್ರೂಫ್. ಇಪ್ಪತ್ತೊಂದು ದಿನದಲ್ಲಿ ನೆಗಡಿ ಹೋದರೆ ದೊಡ್ಡದು, ಇಲ್ಲಿ ಮನುಷ್ಯ ತನಗೆ ತಾನೇ ಸಿಕ್ಕಿಬಿಡುತ್ತಾನೆ. ಕಳೆದುಹೋದದ್ದು ಯಾವಾಗ ಅಂತ ಮಾತ್ರ ಯಾರೂ ಕೇಳಬಾರದು.

ಬರೆದ ಮಹಾಶಯನಿಗೆ ಆಫೀಸಿನಲ್ಲಿ ಮೌನಿ ಅಂತ ಹೆಸರು. ಮೌನದ ಮೇಲೆ ಮುನ್ನೂರು ಪುಟ ಬರೆದಿದ್ದಾನೆ. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಪುಟಕ್ಕೆ ಹತ್ತು ‘ನಾನು’. ಎಲ್ಲ ಹೊಡೆದು ಹಾಕಿದೆ. ಹೊಡೆದದ್ದರ ಕೆಳಗೆಲ್ಲ ಚುಕ್ಕಿ ಸಾಲಿಟ್ಟು, ಪಕ್ಕದಲ್ಲಿ ‘ಇರಲಿ’ ಅಂತ ಬರೆದು ವಾಪಸ್ ಕಳಿಸುತ್ತಾನೆ. ತೆಗೆದದ್ದನ್ನು ಹಾಗೇ ಉಳಿಸಿ ಎಂಬ ಗುರುತು ಅದು. ಇಷ್ಟು ವರ್ಷದಲ್ಲಿ ಅವನು ಕಲಿತ ಪ್ರೂಫ್ ಗುರುತು ಅದೊಂದೇ.

ಹನ್ನೊಂದಕ್ಕೆ ಅವನದೇ ಫೋನ್.

“ಮೇಡಂ, ನನ್ನ ವಾಕ್ಯಕ್ಕೆ ಕತ್ತರಿ ಹಾಕ್ಬೇಡಿ. ಅದು ಉಸಿರಾಡ್ತಾ ಇದೆ.”

“ಉಸಿರಾಡ್ತಿರಬಹುದು ಸರ್. ಏನು ಹೇಳ್ತಿದೆ ಅಂತ ಮಾತ್ರ ಗೊತ್ತಾಗ್ತಿಲ್ಲ.”

ಹಹ್ಹಾ ಅಂತ ನಕ್ಕ. ಎಮ್ಮೆ ಚರ್ಮ, ಏನಂದರೂ ತಾಗುವುದಿಲ್ಲ.

ಮಾರ್ಚ್ ೫, ಬುಧವಾರ

ಏಳನೇ ಅಧ್ಯಾಯ, ‘ಸರಿಯಾದ ಮಾತು’. ಅಭ್ಯಾಸ: ಮಾತು ಬಿಟ್ಟವರೊಬ್ಬರಿಗೆ ಪತ್ರ ಬರೆಯಿರಿ. ಹೇಳಬೇಕಾದ್ದನ್ನು ಮೊದಲ ಸಾಲಿನಲ್ಲೇ ಹೇಳಿ. ಅಲಂಕಾರ ಬೇಡ. — ಇದನ್ನು ಹೇಳಲು ಹದಿನಾರು ಪುಟ ತೆಗೆದುಕೊಂಡಿದ್ದಾನೆ!

ಹೋದ ಮುದ್ರಣದ ಕೊನೇ ಪುಟದಲ್ಲಿ ಪ್ರಕಾಶನದ ಮಾಲೀಕರು ಒಂದು ಸಾಲು ಸೇರಿಸಿದ್ದರು. ನಿಮ್ಮ ಪತ್ರದ ಒಂದು ಪ್ರತಿ ನಮಗೂ ಕಳಿಸಿ ಅಂತ. ಕೆಳಗೆ ಆಫೀಸಿನ ವಿಳಾಸ, ಸಂಪಾದಕಿ ಅಂತ ನನ್ನ ಹೆಸರು. ಯಾರನ್ನು ಕೇಳಿ ಹಾಕಿದರೋ. ಈಗ ನನ್ನ ಹೆಸರಿಗೆ ಊರಿನವರ ಗೋಳೆಲ್ಲ ಅಂಚೆಯಲ್ಲಿ ಬರುತ್ತಿದೆ. ಅದರಲ್ಲಿ ಇಪ್ಪತ್ತು ಆರಿಸಿ ಪುಸ್ತಕದ ಕೊನೆಗೆ ಸೇರಿಸಬೇಕಂತೆ.

ಕವರ್ ಒಡೆಯುವುದು ಟೈಪಿನಮ್ಮ. ನಿವೃತ್ತಿಗೆ ಎರಡು ವರ್ಷ ಇರುವ ನಮ್ಮ ಟೈಪಿಸ್ಟ್. ಹೆಸರು, ಊರು, ಫೋನ್ ನಂಬರ್ ತೆಗೆದು ಟೈಪ್ ಮಾಡಿ, ನಂಬರ್ ಹಾಕಿ ನನ್ನ ಮೇಜಿಗೆ. ಇಲ್ಲಿ ತಿದ್ದಿ ಅವರ ಮೇಜಿಗೆ. ತಿದ್ದಿದ ಪ್ರತಿ, ಜೊತೆಗೊಂದು ಒಪ್ಪಿಗೆ ಚೀಟಿ, ಬರೆದವರಿಗೆ ಅಂಚೆಯಲ್ಲಿ. ಅವರು ಸಹಿ ಹಾಕಿ ಕಳಿಸಿದರೆ ಅಚ್ಚಿಗೆ.

ಮಾತು ಬಿಟ್ಟವರು… ನನಗೂ ಒಬ್ಬಳಿದ್ದಾಳೆ. ತಂಗಿ. ಏಳು ವರ್ಷವಾಯಿತು.

ಅಮ್ಮ ತೀರಿಕೊಂಡಾಗ ಪತ್ರಿಕೆಗೆ ಕೊಡಲೆಂದು ಹನ್ನೆರಡು ಸಾಲು ಬರೆದಿದ್ದಳು. ಬರೀ ಗೋಳು. ಅವಳಿಗೆ ಹೇಳದೆ ಎರಡು ಸಾಲಿಗೆ ಇಳಿಸಿ ಕೊಟ್ಟೆ. ಅಚ್ಚಾದ ದಿನ ಪೇಪರ್ ಹಿಡಿದುಕೊಂಡೇ ಬಂದಳು.

“ನಾನು ಅಳೋದನ್ನೂ ನೀನೇ ತಿದ್ದಬೇಕಾ?”

“ನೆಟ್ಟಗೆ ಅಳೋಕೆ ಬಂದಿದ್ರೆ ತಿದ್ತಿರಲಿಲ್ಲ.”

ಅಷ್ಟೇ. ಆಮೇಲೆ ಅವಳೂ ಬರಲಿಲ್ಲ, ಇಲ್ಲಿಂದಲೂ ಯಾರೂ ಹೋಗಲಿಲ್ಲ. ಆ ಎರಡು ಸಾಲು ಚೊಕ್ಕವಾಗಿದ್ದವು. ಈಗಲೂ ಹಾಗೇ ಅನ್ನುತ್ತೇನೆ.

ಮಾರ್ಚ್ ೭, ಶುಕ್ರವಾರ

ಓದುಗರ ಪತ್ರ ಒಂದರಿಂದ ಎಂಟು. ಅಯ್ಯೋ ದೇವರೇ. ಒಬ್ಬ ತನ್ನ ಅಣ್ಣನಿಗೆ ‘ನನ್ನ ಅಂತರಂಗದ ಕಿಟಕಿಯಿಂದ ನಿನ್ನನ್ನು ನೋಡುತ್ತಿದ್ದೇನೆ’ ಅಂತ ಬರೆದಿದ್ದಾನೆ. ಮೌನಿ ಕದ ಇಟ್ಟ, ಶಿಷ್ಯರು ಕಿಟಕಿ ಇಡುತ್ತಿದ್ದಾರೆ. ನಾಳೆ ಇನ್ನೊಬ್ಬ ಹೆಂಚು ಹೊದಿಸುತ್ತಾನೆ.

ಕಣ್ಣು ಉರಿ. ಮೊದಲು ಈ ಕೆಲಸಕ್ಕೆ ಇಬ್ಬರಿರುತ್ತಿದ್ದರು. ಒಬ್ಬರು ಮೂಲಪ್ರತಿ ಓದುವುದು, ಇನ್ನೊಬ್ಬರು ತಿದ್ದುವುದು. ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ ಅಮ್ಮ ಮನೆಗೆ ಪ್ರೂಫ್ ತರುತ್ತಿದ್ದ ಕಾಲದಲ್ಲಿ ಓದುವುದು ತಂಗಿಯ ಪಾಲು. ಏನು ಗಂಟಲು! ‘ಅಲ್ಪವಿರಾಮ’, ‘ಪೂರ್ಣವಿರಾಮ’ ಎಲ್ಲ ಬಾಯಿಬಿಟ್ಟು ಕೂಗಬೇಕು ಅವಳು. ಕೆಳಗಿನ ಮನೆಯವರು ಒಮ್ಮೆ ಬಂದು, ನಿಮ್ಮ ಹುಡುಗಿ ಯಾರಿಗೆ ಹೀಗೆ ಬೈತಾಳೆ ಅಂತ ಕೇಳಿದ್ದರು. ಗುರುತುಗಳನ್ನೆಲ್ಲ ಅವಳಿಗೆ ಕಲಿಸಿದ್ದು ನನ್ನ ಕೈಯೇ. ಯಾಕೆ ನೆನಪಾಯಿತೋ. ಕಣ್ಣು ಉರಿಯೇ ಇರಬೇಕು.

ಮಾರ್ಚ್ ೧೦, ಸೋಮವಾರ

ಒಂಬತ್ತರಿಂದ ಇಪ್ಪತ್ತು. ಒಂದೇ ಬೈಠಕ್ಕಿನಲ್ಲಿ ಮುಗಿಸಿದೆ.

ಹದಿನಾಲ್ಕನೆಯದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ. ಮೌನಿಯ ಮಹಿಮೆ ಎಲ್ಲಿಗೆ ಮುಟ್ಟಿದೆ ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ.

‘ಅಕ್ಕಾ, ಪುಸ್ತಕದಲ್ಲಿ ಹೇಳಿದ ಹಾಗೆ ಮೊದಲನೇ ಸಾಲಲ್ಲೇ ಹೇಳ್ತೀನಿ. ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ನಿನ್ನ ನೆನಪಾಗುತ್ತೆ. ಅಡುಗೆ ಮಾಡುವಾಗ ನೆನಪಾಗುತ್ತೆ, ಬಟ್ಟೆ ಮಡಚುವಾಗ ನೆನಪಾಗುತ್ತೆ. ಅಮ್ಮನ ಗುಂಡಿ ಡಬ್ಬಿ ನನ್ನ ಹತ್ರಾನೇ ಇದೆ. ಯಾವ ಗುಂಡಿ ಯಾವ ಅಂಗಿದು ಅಂತ ನಿನಗೆ ಮಾತ್ರ ಗೊತ್ತು. ಇಪ್ಪತ್ತಾರಕ್ಕೆ ನನ್ನ ಗಂಟಲಿನ ಆಪರೇಷನ್. ಆಮೇಲೆ ಧ್ವನಿ ಹೀಗೇ ಇರುತ್ತೋ ಇಲ್ವೋ ಡಾಕ್ಟರು ಹೇಳ್ತಿಲ್ಲ. ಧ್ವನಿ ಇರುವಾಗ ಒಂದ್ಸಲ ಸರಿಯಾಗಿ ಜಗಳ ಆಡೋಣ, ಬಾ.’

ಸಿಟ್ಟು — ‘ಯಾಕೆ? ಓದುಗರಿಗೆ ತಿಳಿಯುವುದಿಲ್ಲ’ ಅಂತ ಅಂಚಿನಲ್ಲಿ ಬರೆದೆ. ಮೂರು ನೆನಪಿಗೆ ‘ಪುನರುಕ್ತಿ. ಒಂದು ಸಾಕು.’ ಗುಂಡಿ ಡಬ್ಬಿಗೆ ಒಂದು ಸಣ್ಣ ರೈಟ್ ಗುರುತು, ಪರವಾಗಿಲ್ಲ, ಕಣ್ಣಿಗೆ ಕಾಣುವ ವಸ್ತು ಒಂದಾದರೂ ಸಿಕ್ಕಿತು. ನಮ್ಮ ಮನೆಯಲ್ಲೂ ಇತ್ತು, ಬಿಸ್ಕತ್ತಿನ ಡಬ್ಬಿಯಲ್ಲಿ. ಯಾರ ಮನೆಯಲ್ಲಿ ಇರುವುದಿಲ್ಲ!

ಆಪರೇಷನ್ನಿನಿಂದ ಕೊನೆಯವರೆಗೆ ಉದ್ದಕ್ಕೂ ಗೆರೆ ಎಳೆದೆ. ‘ಅಗ್ಗದ ನಾಟಕ. ಕಣ್ಣೀರು ಹಿಂಡುವ ಉಪಾಯ. ತೆಗೆಯಿರಿ.’ ಆಪರೇಷನ್ ಇಲ್ಲದ ಪತ್ರವೇ ಇಲ್ಲ ಈ ಕಟ್ಟಿನಲ್ಲಿ. ಮೂರರಲ್ಲಿ ಹೃದಯ, ಒಂಬತ್ತರಲ್ಲಿ ಕಿಡ್ನಿ, ಈಗ ಗಂಟಲು. ಇವರೆಲ್ಲ ಆಸ್ಪತ್ರೆಗೆ ಸೇರಿದ ಮೇಲೆಯೇ ತಮ್ಮನ್ನು ತಾವು ಕಂಡುಕೊಳ್ಳುತ್ತಾರೋ ಏನೋ.

ಮಾರ್ಚ್ ೧೧, ಮಂಗಳವಾರ

ಇಪ್ಪತ್ತೂ ಅಂಚೆಗೆ ಹೋದವು. ಟೈಪಿನಮ್ಮ ಕವರುಗಳಿಗೆ ಅಂಟು ಬಳಿಯುತ್ತಾ, “ಪಾಪ ಮೇಡಂ, ಎಷ್ಟು ಕೆಂಪು ಮಾಡಿದ್ದೀರಿ. ನೋಡಿದ್ರೆ ಎದೆ ಒಡ್ಕೊಳ್ತಾರೆ” ಅಂದರು.

“ಒಡ್ಕೊಳ್ಳಲಿ. ಅದನ್ನೂ ಬರೆದು ಕಳಿಸ್ತಾರೆ” ಅಂದೆ.

ಇಬ್ಬರೂ ನಕ್ಕೆವು.

ಮಾರ್ಚ್ ೨೦, ಗುರುವಾರ, ಮಧ್ಯಾಹ್ನ ೩

“ಹದಿನಾಲ್ಕು ವಾಪಸ್ ಬಂತು ಮೇಡಂ. ಒಪ್ಕೊಂಡಿದ್ದಾರೆ. ಒಳ್ಳೆ ಹೆಂಗಸು, ತಕರಾರಿಲ್ಲ.”

ಚೀಟಿಯಲ್ಲಿ ಸಹಿ. ಆ ಸಹಿ ಗೊತ್ತು. ಸ್ಕೂಲಿನ ಪ್ರೋಗ್ರೆಸ್ ಕಾರ್ಡಿನಲ್ಲಿ ಅಪ್ಪನ ಸಹಿ ನಕಲು ಮಾಡಲು ಹೋಗಿ ಸಿಕ್ಕಿಬಿದ್ದು, ಆಮೇಲೆ ತನ್ನದೇ ಸಹಿಯನ್ನು ಅದೇ ಥರ ಮಾಡಿಕೊಂಡವಳು.

ಬರೆಯಲಾಗುತ್ತಿಲ್ಲ.

ಮಾರ್ಚ್ ೨೧, ಶುಕ್ರವಾರ

ರಜೆ ಹಾಕಲಿಲ್ಲ. ಹೋಗಿ ಫೈಲ್ ತೆಗೆಸಿದೆ. ಮೂಲ ಪತ್ರ ಇತ್ತು. ಗೆರೆಯಿರುವ ಹಾಳೆ, ನೀಲಿ ಶಾಯಿ, ಎಡಕ್ಕೆ ವಾಲಿದ ಅಕ್ಷರ. ಪುಸ್ತಕದ ಕೊನೇ ಪುಟದಲ್ಲಿ ನನ್ನ ಹೆಸರು ನೋಡಿ ಬರೆದಿದ್ದಾಳೆ. ಮೌನಿಗಲ್ಲ, ಪ್ರಕಾಶನಕ್ಕಲ್ಲ, ಅಚ್ಚಿಗೂ ಅಲ್ಲ. ನನಗೆ.

ಟೈಪಿನಮ್ಮನ ಮುಖ ಪೆಚ್ಚಾಯಿತು. “ಎಲ್ಲಾ ಕವರ್ ಮೇಲೂ ನಿಮ್ಮ ಹೆಸರೇ ಇರುತ್ತಲ್ಲ ಮೇಡಂ. ಒಳಗೂ ‘ಪುಸ್ತಕದಲ್ಲಿ ಹೇಳಿದ ಹಾಗೆ’ ಅಂತಿತ್ತು. ಇದೂ ಅದೇ ಅನ್ಕೊಂಡೆ.” ಫೈಲ್ ಮುಚ್ಚುತ್ತಾ, “ಓದುವಾಗ… ನಿಮಗೂ ಗೊತ್ತಾಗ್ಲಿಲ್ವಾ?” ಅಂದರು.

ಗುಂಡಿ ಡಬ್ಬಿ ಇತ್ತು. ಅಕ್ಕಾ ಅಂತಿತ್ತು. ಗಂಟಲು ಅಂತಿತ್ತು. ಸಿಟ್ಟು ಯಾಕೆ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಮೂವತ್ತು ವರ್ಷ ಇನ್ನೊಬ್ಬರ ತಪ್ಪು ಹುಡುಕಿ ಹುಡುಕಿ ಈ ಕಣ್ಣಿಗೆ ಬೇರೇನೂ ಕಾಣಿಸದ ಹಾಗಾಗಿದೆ. ಥೂ.

ಅವಳು ಕಳಿಸಿದ ಪ್ರತಿ ಮುಂದಿದೆ. ಎಲ್ಲಕ್ಕೂ ಒಪ್ಪಿದ್ದಾಳೆ. ಮೂರು ನೆನಪಿನಲ್ಲಿ ಎರಡು ಹೋಗಲಿ ಅಂತ ಅವಳೇ ಮತ್ತೊಮ್ಮೆ ಗೆರೆ ಎಳೆದಿದ್ದಾಳೆ. ಕೊನೆಯ ವಾಕ್ಯದ ಕೆಳಗೆ ಮಾತ್ರ ಚುಕ್ಕಿ ಸಾಲು, ಒಂದೇ ಅಂತರ, ಸ್ಕೇಲಿಟ್ಟು ಹಾಕಿದ ಹಾಗೆ. ಪಕ್ಕದಲ್ಲಿ ‘ಇರಲಿ’. ‘ಧ್ವನಿ ಇರುವಾಗ ಒಂದ್ಸಲ ಸರಿಯಾಗಿ ಜಗಳ ಆಡೋಣ, ಬಾ.’

ಒಪ್ಪಿಗೆ ಚೀಟಿಯ ಕೆಳಗೆ ಇನ್ನೊಂದು ಸಾಲು: ‘ಈ ಸಲ ತಿದ್ದಿ ನನ್ನ ಒಪ್ಪಿಗೆ ಕೇಳಿದ್ದೀಯ. ಸಂತೋಷ.’

ಕೆಂಪು ಅಕ್ಷರ ನೋಡಿದ ಕೂಡಲೇ ಅವಳಿಗೆ ಕೈಬರಹ ಗೊತ್ತಾಗಿದೆ. ‘ಅಗ್ಗದ ನಾಟಕ’ ಅಂತ ಬರೆದದ್ದು ಅಕ್ಕನೇ, ಗೊತ್ತಿದ್ದೇ ಬರೆದದ್ದು ಅಂದುಕೊಂಡಿದ್ದಾಳೆ. ಅಂದುಕೊಂಡೂ ‘ಬಾ’ ಅನ್ನುವುದನ್ನು ಉಳಿಸಿದ್ದಾಳೆ.

ಮಾರ್ಚ್ ೨೪, ಸೋಮವಾರ

ಎರಡು ದಿನದಿಂದ ಒಂದು ಪತ್ರ. ‘ನಡೆದದ್ದಕ್ಕೆ ವಿಷಾದವಿದೆ’ — ಬ್ಯಾಂಕಿನವರು ಬರೆದ ಹಾಗಿದೆ. ಹೊಡೆದೆ. ‘ಗೊತ್ತಿಲ್ಲದೆ ಆಯಿತು’ — ನಿಜ, ಆದರೆ ಹೇಡಿಯ ಮಾತು. ಹೊಡೆದೆ. ‘ಕ್ಷಮಿಸು’ — ಒಂದೇ ಪದ. ಬೋಳು ಬೋಳು. ಅದನ್ನೂ ಹೊಡೆದೆ. ಬುಟ್ಟಿ ತುಂಬಿತು. ಊರಿನವರ ಪತ್ರವೆಲ್ಲ ತಿದ್ದುವ ಘನಂದಾರಿ ಸಂಪಾದಕಿ, ಒಡಹುಟ್ಟಿದವಳಿಗೆ ಮೂರು ಸಾಲು ಬರೆಯಲು ಯೋಗ್ಯತೆ ಇಲ್ಲ.

ಫೋನ್ ಎತ್ತಿದೆ, ಇಟ್ಟೆ. ಬುಧವಾರ ಆಪರೇಷನ್.

ಯಾರಿಗೂ ಹೇಳುವ ಹಾಗಿಲ್ಲ, ಏಳನೇ ಅಧ್ಯಾಯ ತೆಗೆದು ಓದಿದೆ. ಬಾಗಿಲು ಹಾಕಿಕೊಂಡು ಓದಿದೆ.

ನಾಲ್ಕಕ್ಕೆ ಮೌನಿ ಫೋನ್ ಮಾಡಿದ. ಪತ್ರಗಳೆಲ್ಲ ಬಂದವಾ, ಅದ್ಭುತವಾಗಿವೆಯಾ, ಇತ್ಯಾದಿ. ಅವನು ಉಸಿರೆಳೆಯಲು ನಿಲ್ಲಿಸಿದಾಗ ಕೇಳಿಬಿಟ್ಟೆ.

“ಸರ್, ಆ ಪತ್ರ ನೀವು ಯಾರಿಗಾದ್ರೂ ಬರೆದಿದ್ದೀರಾ?”

ಆ ಕಡೆಯಿಂದ ಸದ್ದಿಲ್ಲ. ಲೈನ್ ಹೋಯಿತು ಅಂದುಕೊಂಡೆ.

“ಇಲ್ಲ ಮೇಡಂ. ನನ್ನ ಮಗನಿಗೆ ಬರೀಬೇಕಿತ್ತು. ಆಗ್ಲಿಲ್ಲ. ಅದಕ್ಕೇ ಪುಸ್ತಕ ಬರೆದೆ.”

ಇಷ್ಟು ನೆಟ್ಟಗಿನ ಮಾತು ಅವನ ಪುಸ್ತಕದಲ್ಲಿ ಒಂದೂ ಇಲ್ಲ. ಹಾಗಂತ ಹೇಳಲೂ ಇಲ್ಲ. “ಹದಿನಾಲ್ಕನೇ ಪತ್ರ ಪುಸ್ತಕದಲ್ಲಿ ಬರಲ್ಲ ಸರ್” ಅಂದೆ. ಯಾಕೆ ಅಂತ ಕೇಳಲಿಲ್ಲ. ಆ ಮಟ್ಟಿಗೆ ದೊಡ್ಡ ಮನುಷ್ಯ.

ಮಾರ್ಚ್ ೨೫, ಮಂಗಳವಾರ, ಬೆಳಿಗ್ಗೆ ೭.೪೦

ಬಸ್ಸು. ಕುಲುಕಾಟಕ್ಕೆ ಅಕ್ಷರ ಕಾಗೆ ಕಾಲಾಗುತ್ತಿದೆ. ಆಗಲಿ. ಸಂಜೆ ಅವಳನ್ನು ಅಡ್ಮಿಟ್ ಮಾಡಿಕೊಳ್ಳುತ್ತಾರಂತೆ. ಟೈಪಿನಮ್ಮ ಫೋನ್ ಮಾಡಿ, ಒಪ್ಪಿಗೆ ಚೀಟಿಯ ನೆಪ ಹೇಳಿ ತಿಳಿದುಕೊಂಡರು. ಆ ಹೆಂಗಸಿಗೆ ನಾಚಿಕೆ ಮಾನ ಎರಡೂ ಇಲ್ಲ, ಪುಣ್ಯಾತ್ಗಿತ್ತಿ.

ಪತ್ರ ಇಲ್ಲ. ಬರಿಗೈ. ಬ್ಯಾಗಿನಲ್ಲಿ ಹುಡುಕಿದರೆ ಸಿಕ್ಕಿದ್ದು ಕೆಂಪು ಪೆನ್ನು ಒಂದೇ, ಅದರಲ್ಲೇ ಬರೆಯುತ್ತಿದ್ದೇನೆ.

೯.೧೫

ಮೂರನೇ ಮಹಡಿ. ಲಿಫ್ಟ್ ಕೆಟ್ಟಿದೆ. ಅವಳ ಮನೆ ಬಾಗಿಲಿನ ಎದುರಿನ ಮೆಟ್ಟಿಲ ಮೇಲೆ ಕೂತಿದ್ದೇನೆ, ಉಸಿರು ತಹಬಂದಿಗೆ ಬರಲಿ ಅಂತ. ಸುಳ್ಳು. ಉಸಿರು ಆಗಲೇ ಬಂದಾಯಿತು.

ಒಳಗೆ ಯಾರಿಗೋ ಬೈಯುತ್ತಿದ್ದಾಳೆ. ಬಹುಶಃ ಗಂಡನಿಗೆ. ಚೀಲದಲ್ಲಿ ಟವೆಲ್ ಇಟ್ಟಿದ್ದು ಯಾರು, ತೆಗೆದಿದ್ದು ಯಾರು, ಅದೇನೋ. ಧ್ವನಿ ಒರಟಾಗಿದೆ, ಮಧ್ಯೆ ಮಧ್ಯೆ ಬಿರಿಯುತ್ತಿದೆ. ಆದರೂ ಜೋರು. ಈಗಲೂ ಕೆಳಗಿನ ಮನೆಗೆ ಕೇಳಿಸುತ್ತದೆ. ಅಳು ಬಂತು. ನೆಟ್ಟಗೇನೂ ಅಳಲಿಲ್ಲ.

ಬಾಗಿಲು ತೆಗೆದ ಕೂಡಲೇ ಹೇಳಬೇಕಾದ್ದು: ತಪ್ಪಾಯಿತು. ಆಗಲೂ ತಪ್ಪಾಯಿತು, ಈಗಲೂ ತಪ್ಪಾಯಿತು. — ಪುನರುಕ್ತಿ. ಇರಲಿ.

ಬೆಲ್ ಒತ್ತಿ ಬಂದು ಮತ್ತೆ ಕೂತೆ. ಬೈಗುಳ ನಿಂತಿತು. ಚಪ್ಪಲಿ ಸದ್ದು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಾಳೆ, “ಯಾರದು?”

ನಾನು