ಪಶ್ಚಿಮದ ಬಾಗಿಲಿನ ಗುಡಿಯಲ್ಲಿ ಒಂದು ಸುತ್ತು

ಅಪ್ಪಾ,

ಹೋದವರಿಗೆ ಕಾಗದ ಬರೆಯುವುದು ಹುಚ್ಚು ಎಂದು ನನಗೂ ಗೊತ್ತು. ಆದರೆ ಪ್ರಶ್ನೆ ಕೇಳಿದವನು ನೀನು, ಉತ್ತರ ಸಿಕ್ಕಿದ್ದು ನನಗೆ, ಇನ್ನು ಯಾರಿಗೆ ಹೇಳಲಿ? ತಂಗಿ ಶಾಂತನ ಗಂಡ ಕಾಂಬೋಡಿಯಾದಿಂದ ಕಳಿಸಿದ್ದ ಅಂಗ್‌ಕೋರ್ ವಾಟ್ ದೇವಸ್ಥಾನದ ಚಿತ್ರದ ಕಾರ್ಡನ್ನು ನೀನು ಕ್ಷೌರದ ಕನ್ನಡಿಯ ಸಂದಿಗೆ ಸಿಕ್ಕಿಸಿದ್ದೆಯಲ್ಲ, ಅದರದ್ದೇ ಮಾತು. ಕೆನ್ನೆಗೆ ಸೋಪು ಬಳಿದುಕೊಂಡು ದಿನಾ ಅದನ್ನೇ ನೋಡುತ್ತಿದ್ದೆ. "ನೋಡೇ ಸರಸೂ, ನಮ್ಮ ವಿಷ್ಣು ಎಲ್ಲಿ ಹೋಗಿ ಕೂತಿದಾನೆ. ನಾನು ತಲಘಟ್ಟಪುರ ದಾಟಿಲ್ಲ" ಎನ್ನುತ್ತಿದ್ದೆ. ಆಮೇಲೆ ತಪ್ಪದೆ, "ಬಾಗಿಲು ಪಶ್ಚಿಮಕ್ಕೆ ಅಂತ ಬರ್ದಿದಾರಲ್ಲ ಅಳಿಯಂದ್ರು, ಯಾಕಿರಬಹುದು?" ಒಂದು ದಿನ ನಾನು ರೇಗಿ, "ಹೋಗಿ ಕೇಳ್ಕೊಂಡು ಬರ್ಲಾ?" ಎಂದಿದ್ದೆ. ಹೋಗಿಬಂದೆ ಅಪ್ಪಾ.

ಯಡಿಯೂರು ಕೆರೆಯ ಏರಿಯ ಸಂಜೆಗಳನ್ನು ಈಗಲೂ ನೆನೆಯುತ್ತೇನೆ. ನಾನು ಸ್ಕೂಲಿನಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ನೀನು ಚಪ್ಪಲಿ ಮೆಟ್ಟಿಕೊಂಡು ಗೇಟಿನಲ್ಲಿ ನಿಂತಿರುತ್ತಿದ್ದೆ, ಕಾಫಿ ಕುಡಿಯಲೂ ಬಿಡುತ್ತಿರಲಿಲ್ಲ. ನಡೆಯುವಾಗ ಕೆರೆ ಯಾವಾಗಲೂ ನಮ್ಮ ಬಲಕ್ಕಿರಬೇಕು. ಚಿಕ್ಕಂದಿನಲ್ಲಿ ಗುಡಿ ಸುತ್ತುವಾಗ ನಾನು ತಬ್ಬಿಬ್ಬಾದರೆ, "ಊಟದ ಕೈ ದೇವರ ಕಡೆ, ಅಷ್ಟೇ ಕಣೇ" ಎಂದು ಕಲಿಸಿದವನು ನೀನು. ಕೆರೆಗೂ ಅದೇ ಶಾಸ್ತ್ರ. ಒಂದು ಸಂಜೆ ಇದ್ದಕ್ಕಿದ್ದಂತೆ, "ನಾನು ಹೋದಾಗ ನೀನೇ ಬಂದು ಚಿತೆಗೆ ಒಂದು ಸುತ್ತು ಹಾಕ್ಬಿಡು. ನಾಗೇಶನಿಗೆ ಬಿಡ್ಬೇಡ, ಅವನಿಗೆ ಎಡ ಯಾವ್ದು ಬಲ ಯಾವ್ದು ಗೊತ್ತಿಲ್ಲ" ಎಂದೆ. ನಾಗೇಶ ದೊಡ್ಡಪ್ಪನ ಮಗ. ನಿನಗೆ ಇಬ್ಬರೂ ಹೆಣ್ಣುಮಕ್ಕಳಾದ್ದರಿಂದ ನಿನ್ನ ಚಿತೆಗೆ ಬೆಂಕಿ ಇಡುವವನು ಅವನೇ ಎಂದು ಎಲ್ಲರೂ ಮೊದಲೇ ಗೊತ್ತುಮಾಡಿಬಿಟ್ಟಿದ್ದರು. "ದೀಪ ಹಚ್ಚೋ ಹೊತ್ನಲ್ಲಿ ಎಂಥ ಮಾತು" ಎಂದು ಗದರಿಸಿದೆ. ನೀನು ಬಿಡಲಿಲ್ಲ, ಮಾತು ಕೊಡು ಎಂದೆ. ಕೊಟ್ಟೆ. ನಗುತ್ತಾ ಕೊಟ್ಟೆ, ಆದರೂ ಕೊಟ್ಟ ಮಾತು ಮಾತೇ ಅಲ್ಲವೇ?

ನಿನ್ನನ್ನು ಹೊತ್ತುಕೊಂಡು ಹೊರಟ ಬೆಳಿಗ್ಗೆ ನಾನು ಆ ಮಾತು ಹಿಡಿದುಕೊಂಡು ಹಿಂದೆಯೇ ಓಡಿದೆ. ಗೇಟಿನ ಹತ್ತಿರ ಪದ್ದತ್ತೆ ನನ್ನ ಮಣಿಕಟ್ಟು ಹಿಡಿದಳು. ನಿನ್ನ ಒಡಹುಟ್ಟಿದ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ಕೆಂಪು ಸೀರೆಯುಟ್ಟು ನಮ್ಮ ಮನೆ ಸೇರಿದವಳು, ಅಮ್ಮ ಹೋದಮೇಲೆ ನಮ್ಮನ್ನು ಸಾಕಿದವಳು. "ಹೆಂಗಸರು ದಾಟಬಾರ್ದು ಕಣೇ. ನೀನು ಬಂದ್ರೆ ಅವನಿಗೆ ದಾರಿ ಸಿಗಲ್ಲ" ಎಂದಳು. ಆ ಒಣಕಲು ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಗಂಡಸರು ಬನಶಂಕರಿ ಕಡೆಯ ಸ್ಮಶಾನಕ್ಕೆ ತಿರುಗುವ ತನಕ ಅವಳು ಬಿಡಲಿಲ್ಲ. ನಾನು ಕಿತ್ತುಕೊಂಡು ಹೋಗಬಹುದಿತ್ತೇ? ಹೋಗಿದ್ದರೆ…

ವೈಕುಂಠ ಸಮಾರಾಧನೆಯ ಊಟದ ಪಂಕ್ತಿಯಲ್ಲಿ ನಾಗೇಶ ತಾನೇ ತಮಾಷೆಯಾಗಿ ಹೇಳಿದ. ಚಿತೆಯ ಬಳಿ ಅವನು ಬಲಕ್ಕೆ ಸುತ್ತಲು ಹೊರಟನಂತೆ. "ಎಡಕ್ಕಯ್ಯಾ, ಎಡಕ್ಕೆ. ಇದೇನು ಆಂಜನೇಯನ ಗುಡಿಯೇ?" ಎಂದು ಪುರೋಹಿತರು ಕೂಗಿಕೊಂಡರಂತೆ. ಎಲ್ಲರೂ ನಕ್ಕರು. ನೀನಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ನಾನು ಎಲೆ ಬಿಟ್ಟು ಎದ್ದೆ. ಅವತ್ತಿನಿಂದ ನನಗೂ ಪದ್ದತ್ತೆಗೂ ಮಾತೆಂದರೆ ಹಾಲು ಬಂತು, ಸೀಮೆಎಣ್ಣೆ ಮುಗಿಯಿತು, ಅಷ್ಟೇ. ಜಯನಗರದಲ್ಲಿ ನೀನು ಆಸೆಪಟ್ಟು ಕಟ್ಟಿಸಿದ ಆ ಮನೆಯಲ್ಲಿ ಇಬ್ಬರು ಹೆಂಗಸರು ಎರಡು ಮೂಲೆಯಲ್ಲಿ ಕೂತಿರುತ್ತಿದ್ದೆವು. ಸಂಜೆ ಒಬ್ಬಳೇ ಕೆರೆಗೆ ಹೋಗುತ್ತಿದ್ದೆ. ಅರ್ಧ ಏರಿ ದಾಟುತ್ತಿರಲಿಲ್ಲ, ಕಾಲು ಬರುತ್ತಿರಲಿಲ್ಲ. ತಿರುಗಿ ಬಂದರೆ ಗೇಟಿನಲ್ಲಿ ಯಾರೂ ಇಲ್ಲ.

ನಿನ್ನ ವರ್ಷಾಬ್ದಿಕ ಕಳೆದ ಮೇಲಿನ ಬೇಸಿಗೆ ರಜಕ್ಕೆ ಶಾಂತ ಹೆತ್ತಳು. ಅವಳ ಗಂಡ ಕಾಂಬೋಡಿಯಾದಲ್ಲಿ ನದಿಗೆ ಅಣೆಕಟ್ಟು ಕಟ್ಟುವ ಸರ್ವೆಯಲ್ಲಿ ಎಂಜಿನಿಯರು, ರಜ ಸಿಗುವ ಹಾಗಿಲ್ಲ. ತಾಯಿಯಿಲ್ಲದ ಹುಡುಗಿಗೆ ಬಾಣಂತನ ಮಾಡಲು ಅಕ್ಕ ತಾನೇ ಹೋಗಬೇಕು? ಪದ್ದತ್ತೆ ಬಜೆ, ಓಮ, ಶುಂಠಿ ಎಲ್ಲ ಗಂಟು ಕಟ್ಟಿ ಮಾತಿಲ್ಲದೆ ನನ್ನ ಪೆಟ್ಟಿಗೆಯ ಪಕ್ಕ ಇಟ್ಟಳು. ಮದರಾಸಿಗೆ ರೈಲು, ಅಲ್ಲಿಂದ ವಿಮಾನ ಬದಲಿಸಿ ಬದಲಿಸಿ ನಾಂಪೆನ್ ಎನ್ನುವ ಊರು. ಲೇಹ್ಯದ ಭರಣಿಯನ್ನು ಮೂಸಿ ನೋಡಿದ ಸುಂಕದ ಅಧಿಕಾರಿ ಮುಖ ಸಿಂಡರಿಸಿ ನನ್ನನ್ನು ಹಾಗೇ ಬಿಟ್ಟುಬಿಟ್ಟ. ಮಗು ಹೆಣ್ಣು, ಅಪ್ಪಾ. ಮೂಗು ನಿನ್ನದೇ, ಪಾಪ.

ಮಗು ರಾತ್ರಿ ನಿದ್ದೆ ಮಾಡುವಷ್ಟಾದ ಮೇಲೆ ಶಾಂತನೇ ನನ್ನನ್ನು ಆಫೀಸಿನ ಜೀಪಿನಲ್ಲಿ ಗುಡಿ ನೋಡಲು ಕಳಿಸಿದಳು. "ಅಪ್ಪನ ಪಾಲಿನ್ದೂ ನೋಡ್ಕೊಂಡು ಬಾರೇ" ಎಂದಳು. ದಾರಿಯುದ್ದಕ್ಕೂ ಕಂಬದ ಮೇಲೆ ನಿಲ್ಲಿಸಿದ ಮನೆಗಳು, ಕೆಳಗೆ ಎತ್ತು, ಹಂದಿ, ಮಗ್ಗ, ಹಗ್ಗದ ತೂಗುಮಂಚ. ಹೆಂಗಸರು ನಮ್ಮ ಉತ್ತರಹಳ್ಳಿ ಗೌಡರ ಹಾಗೆ ಚೌಕಳಿ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ರಸ್ತೆ ಬದಿಯಲ್ಲಿ ತಾಳೆಬೆಲ್ಲ ಕಾಯಿಸುತ್ತಿದ್ದರು. ಉಳಿದ ತಿಂಡಿಗೆಲ್ಲ ಮೀನಿನ ವಾಸನೆ. ನಾನು ಅವಲಕ್ಕಿ, ಬಾಳೆಹಣ್ಣಿನಲ್ಲಿ ದಿನ ಕಳೆದೆ. ಡ್ರೈವರ್ ಒಳ್ಳೆಯವನು, ಆದರೆ ಅವನ ಇಂಗ್ಲಿಷ್ ನನ್ನ ಫ್ರೆಂಚಿನಷ್ಟೇ. ಗುಡಿಯ ಸುತ್ತ ಕಂದಕವಿದೆ, ಯಡಿಯೂರು ಕೆರೆಯಂಥವನ್ನು ಎಷ್ಟೋ ನುಂಗಿಬಿಡುತ್ತದೆ. ಹೊರಬಾಗಿಲಲ್ಲಿ ನಿನ್ನ ವಿಷ್ಣು ನಿಂತಿದ್ದಾನೆ, ಎಂಟು ಕೈ, ಹಳದಿ ವಸ್ತ್ರ, ಕಾಲ ಬಳಿ ತಾವರೆ ಮೊಗ್ಗು. ಜನ ಊದುಬತ್ತಿ ಹಚ್ಚಿ ಏನೋ ಬೇಡಿಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಗುಡಿಯಲ್ಲಿ "ಇಲ್ಲಿ ನೋಡು" ಎನ್ನಲು ನನಗೆ ಒಬ್ಬರೂ ಇರಲಿಲ್ಲ. ನೀನಿಲ್ಲದ್ದು ಅಷ್ಟು ಜೋರಾಗಿ ನಮ್ಮ ಮನೆಯಲ್ಲೂ ನನಗೆ ನಾಟಿರಲಿಲ್ಲ.

ಒಳಗಿನ ಕಂಬಗಳ ಕೈಸಾಲೆಗೆ ಬಂದು ನಿಂತಾಗ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ನಿನ್ನ ಪುಟ್ಟ ಫೋಟೋ ತೆಗೆದು ಕೈಯಲ್ಲಿ ಹಿಡಿದೆ. ಗೋಡೆ ತುಂಬ ಚಿತ್ರ ಕೆತ್ತಿದ್ದಾರೆ. ನೀನೂ ನೋಡು ಎಂದು, ಕಲಿಸಿದ ಪ್ರಕಾರ ಊಟದ ಕೈ ದೇವರ ಕಡೆ ಮಾಡಿ ಹೊರಟೆ. ಕಪಿಗಳು ರಾಕ್ಷಸರನ್ನು ಕಚ್ಚುತ್ತಿರುವ ಲಂಕೆಯ ಯುದ್ಧ. ಅಲ್ಲಿ ಕಂಬಕ್ಕೊರಗಿ ಒಬ್ಬ ಮುದುಕಿ ಕೂತಿದ್ದಳು. ಬೋಳುತಲೆ, ಬಿಳಿ ಬಟ್ಟೆ, ಆ ಕಡೆಯ ಸನ್ಯಾಸಿನಿ. ಥೇಟ್ ಪದ್ದತ್ತೆ. ಅವಳು ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಎರಡು ಕಣ್ಣೂ ಮುಚ್ಚಿ ತೆರೆದು, ಹೋದರೇ ಎನ್ನುವಂತೆ ಕೇಳಿದಳು. ತಲೆಯಾಡಿಸಿದೆ. ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. ಗೇಟಿನ ಹತ್ತಿರ ಪದ್ದತ್ತೆ ಹಿಡಿದಿದ್ದ ಅದೇ ಕೈ. ಇವಳು ನಿಲ್ಲಿಸಲಿಲ್ಲ. ನನ್ನನ್ನು ಬಂದ ದಾರಿಗೆ ತಿರುಗಿಸಿ, ಬೆರಳಿನಿಂದ ಗಾಳಿಯಲ್ಲಿ ಎಡಸುತ್ತು ಬರೆದು ತೋರಿಸಿ, ಬೆನ್ನು ತಟ್ಟಿ ಹೋಗು ಎಂದಳು. ಎಡಕ್ಕಯ್ಯಾ, ಎಡಕ್ಕೆ. ನಾಗೇಶನನ್ನು ಆಡಿಕೊಂಡೆವಲ್ಲ, ನಾನೂ ಬಲಕ್ಕೇ ಹೊರಟಿದ್ದೆ.

ಸುತ್ತಿದೆ ಅಪ್ಪಾ. ಎಡಗೈ ಗೋಡೆಯ ಕಡೆ, ನೀನು ಎದೆಯ ಹತ್ತಿರ. ಮೊದಲು ಕುರುಕ್ಷೇತ್ರ, ಬಾಣಗಳ ಮೇಲೆ ಮಲಗಿದ ಭೀಷ್ಮ. ಮುಂದಿನ ಗೋಡೆಯಲ್ಲಿ ಕೋಣದ ಮೇಲೆ ಯಮ. ಅವನೆದುರು ನಿಂತು ನಿನ್ನ ಪರವಾಗಿ ವಾದಿಸಿದೆ. ಡಾಕ್ಟರು ಬೇಡವೆಂದರೂ ಸಕ್ಕರೆ ಡಬ್ಬಿಗೆ ಕೈ ಹಾಕುತ್ತಿದ್ದ, ಅದು ಬಿಟ್ಟರೆ ಬೇರೆ ಪಾಪ ಗೊತ್ತಿಲ್ಲದವನು ಎಂದೆ. ಸಮುದ್ರ ಮಥನದ ಹತ್ತಿರ ಬರುವಷ್ಟರಲ್ಲಿ ಅಳು ಬಂತು. ಜೋರಾಗಿಯೇ ಅಳುತ್ತಾ ನಡೆದೆ, ಅಲ್ಲಿ ನನ್ನನ್ನು ಬಲ್ಲವರು ಯಾರು? ಸುತ್ತು ಮುಗಿದಾಗ ಮುದುಕಿ ಎಲೆಯಲ್ಲಿ ಮಡಿಸಿದ ತಾಳೆಬೆಲ್ಲ ಕೈಗಿಟ್ಟಳು. ಆ ಗುಡಿ ಕಟ್ಟಿಸಿದ ರಾಜ ಅದನ್ನು ತನ್ನ ಸಾವಿಗೇ ಕಟ್ಟಿಸಿಕೊಂಡ, ಅದಕ್ಕೇ ಬಾಗಿಲು ಪಶ್ಚಿಮಕ್ಕೆ, ಗೋಡೆಯ ಕಥೆಯೂ ಎಡಸುತ್ತಾಗಿಯೇ ಸಾಗುತ್ತದೆ ಎಂದು ಕೆಲವು ಪಂಡಿತರು ಹೇಳುತ್ತಾರಂತೆ, ನಿನ್ನ ಅಳಿಯ ಆಮೇಲೆ ಹೇಳಿದರು. ಅಲ್ಲ ಎನ್ನುವವರೂ ಇದ್ದಾರಂತೆ. ಇದ್ದರೆ ಇರಲಿ. ನನಗೆ ಸಿಕ್ಕ ಉತ್ತರ ಇದು, ನಿನಗೆ ಒಪ್ಪಿಗೆಯಾದರೆ ಸಾಕು.

ನಿನ್ನೆ ಬೆಳಿಗ್ಗೆ, ಊರಿಗೆ ಬಂದ ಮರುದಿನ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪದ್ದತ್ತೆಗೆ ಎಲ್ಲವನ್ನೂ ಹೇಳಿದೆ. ಎಷ್ಟೋ ದಿನಗಳ ಮೇಲೆ ಅಷ್ಟು ಮಾತು. "ಥೇಟ್ ನಿನ್ನ ಹಾಗೇ ಇದ್ಲು. ನಿಂದು ಕೆಂಪು ಸೀರೆ, ಅವಳ್ದು ಬಿಳಿ" ಎಂದೆ. ಅವಳು ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಲಿಲ್ಲ.

"ಎಡಕ್ಕೇ ಸುತ್ತಿದ್ಯಾ?"

"ಎಡಕ್ಕೇ."

"ನಾಗೇಶನಿಗಿಂತ ವಾಸಿ."

ಎಲೆ ಬಿಚ್ಚಿ ತಾಳೆಬೆಲ್ಲ ಮುಂದಿಟ್ಟೆ. ಬೇಕರಿಯ ಬ್ರೆಡ್ಡನ್ನೂ ಮುಟ್ಟದ ಪದ್ದತ್ತೆ, ಯಾರು ಕಾಯಿಸಿದ್ದು, ಯಾವ ನೀರು ಎಂದು ಕೇಳದೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ನನ್ನ ಮುಖ ನೋಡದೆ, "ನನಗೂ ಹಿಂದೆಮುಂದೆ ಯಾರಿದಾರೆ ಹೇಳು. ನನ್ನ ಹೊತ್ಕೊಂಡು ಹೋಗೋವಾಗ ನೀನೇ ಬಾ. ಯಾರು ಏನಂದ್ರೂ ಬಾ" ಎಂದಳು.

ಹೂಂ ಎಂದೆ. ಇನ್ನೊಂದು ಮಾತು ಕೊಟ್ಟಿದ್ದೇನೆ ಅಪ್ಪಾ, ಇದನ್ನು ಬನಶಂಕರಿಯಲ್ಲೇ ನಡೆಸುತ್ತೇನೆ. ಗೇಟು ದಾಟುವಾಗ ಕೈ ಹಿಡಿದು ನಿಲ್ಲಿಸುವುದಕ್ಕೆ ಅವತ್ತು ಪದ್ದತ್ತೆಯೂ ಇರುವುದಿಲ್ಲವಲ್ಲ.

ನಿನ್ನ
ಸರಸು