ಅತ್ತೆಯ ಪ್ರಾಣಿಪ್ರೀತಿ

ಮಾರ್ಚ್ 14, ಗುರುವಾರ

ಛೀ, ಎಂಥ ಸೋಗು! ಇಂಗ್ಲಿಷ್ ಟೀಚರ್ ಆಗಿರುವ ನಮ್ಮತ್ತೆ ಸಂಜೆಯೆಲ್ಲ ಕೂತು ಐದನೇ ಕ್ಲಾಸಿನ ಮಕ್ಕಳಿಗೆ ಪ್ರಾಣಿ, ಪರಿಸರದ ಮೇಲೆ ವಾಕ್ಯಾಭ್ಯಾಸ ಬರೆದರು. ಮೊದಲ ಸಾಲೇ 'ಪ್ರಾಣಿಗಳನ್ನು ಪ್ರೀತಿಸೋಣ'!

ಊಟದ ಮೇಜಿನಲ್ಲಿ ಇಂಗ್ಲಿಷ್ ಮಾತ್ರ ಎನ್ನುವುದು ಅವರದೇ ಕಾನೂನು. ಹಾಗಾಗಿ ಇಂಗ್ಲಿಷಿನಲ್ಲೇ ಕೇಳಿದೆ: ತವರಿನಲ್ಲಿ ನನ್ನ ಬೆಕ್ಕು ಊಟ ಬಿಟ್ಟಿದೆ, ಇಲ್ಲಿಗೆ ತರಲೇ? ಎರಡು ತಪ್ಪು ತಿದ್ದಿ, ಇನ್ನೊಮ್ಮೆ ಹೇಳಿಸಿದರು. ತಪ್ಪಿಲ್ಲದೆ ಹೇಳಿದೆ.

"ವೆರಿ ಗುಡ್. ತರೋದು ಬೇಡಮ್ಮ, ಸೋಫಾ ಪರಚಿ ಹಾಕುತ್ತೆ" ಎಂದರು, ಅಪ್ಪಟ ಕನ್ನಡದಲ್ಲಿ!

ನನ್ನ ಮುದ್ದು ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. ಈಗ ಕೋಣೆಯ ಬಾಗಿಲು ಹಾಕಿಕೊಂಡು, "ಶನಿವಾರ ಹೋಗಿ ತಂದುಬಿಡೋಣ ಕಣೇ, ಅಮ್ಮನಿಗೆ ನಾನು ಹೇಳ್ತೀನಿ" ಎಂದು ಕೆನ್ನೆ ಹಿಂಡುತ್ತಾನೆ. ಅಯ್ಯೋ, ಎಷ್ಟು ಚೆಂದ ಹೇಳುತ್ತಾನೆ! ಹೊರಗೆ ಅತ್ತೆಯ ಚಪ್ಪಲಿ ಸದ್ದಾದರೆ ಸಾಕು, ದೀಪ ಆರಿಸು, ದೀಪ ಆರಿಸು ಎನ್ನುವ ಈ ಶೂರ... ಅಯ್ಯೋ, ಹೊರಗೆ ಚಪ್ಪಲಿ ಸದ್ದು! ದೀಪ ಆರಿ—